ಸಿವಿಲ್ ಕೇಸಿನಲ್ಲಿ ಸಾಕ್ಷ್ಯ ಮತ್ತು ತಜ್ಞ ಸಾಕ್ಷಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕಕ್ಷಿದಾರರು ಮೊದಲ ಭೇಟಿಯಲ್ಲೇ ಕೇಳುವ ಪ್ರಶ್ನೆಗಳು, ಜೂನಿಯರ್ ವಕೀಲರು ಕೋರ್ಟ್ ಕಾರಿಡಾರಿನಲ್ಲಿ ನಿಲ್ಲಿಸಿ ಕೇಳುವವು, ಪತ್ರ ಬರೆದು ಕೇಳಿದವು ಎಲ್ಲ ಇಲ್ಲಿವೆ. ಕೇಳಿದವರ ಮಾತನ್ನು ತಿದ್ದಿಲ್ಲ. ಉತ್ತರಗಳು ಕರ್ನಾಟಕದ ಸಿವಿಲ್ ಕೋರ್ಟುಗಳನ್ನು ಮನಸ್ಸಿನಲ್ಲಿಟ್ಟು ಬರೆದವು. ಕೊನೆಯ ಭಾಗ ವಕೀಲರಿಗೇ ಜಾಸ್ತಿ ಉಪಯೋಗ.

## ಶುರುವಿನಲ್ಲಿ

ನನ್ನ ಹತ್ರ ಎಲ್ಲ ಕಾಗದ ಇದೆ ಸಾರ್. ಇನ್ನು ಸಾಕ್ಷಿ ಯಾಕೆ?

ಕಾಗದ ಇರುವುದು ಬೇರೆ, ಅದು ರುಜುವಾತಾಗುವುದು ಬೇರೆ. ನೀವು ಒಂದು ಕ್ರಯದ ಕರಾರು ಹಾಜರುಪಡಿಸುತ್ತೀರಿ. ಎದುರಿನವರು "ಈ ಸಹಿ ನನ್ನದಲ್ಲ" ಎನ್ನುತ್ತಾರೆ. ಆಗ ಆ ಸಹಿ ಅವರದ್ದೇ ಎಂದು ಯಾರಾದರೂ ಸಾಕ್ಷಿ ಕಟ್ಟೆ ಹತ್ತಿ ಹೇಳಬೇಕು. ಕಾಗದಕ್ಕೆ "ನಿಶಾನೆ ಪಿ-1" ಎಂದು ಗುರುತು ಬಿದ್ದ ಮಾತ್ರಕ್ಕೆ ಅದರಲ್ಲಿ ಬರೆದಿದ್ದೆಲ್ಲ ನಿಜ ಎಂದು ಕೋರ್ಟ್ ಒಪ್ಪಿದಂತಲ್ಲ. ಎಷ್ಟೋ ಜನ ಇಲ್ಲೇ ಎಡವುತ್ತಾರೆ.

ಆದರೆ ಎದುರಿನವರು ಒಪ್ಪಿಕೊಂಡ ಸಂಗತಿಗೆ ರುಜುವಾತು ಬೇಕಿಲ್ಲ. ಅದಕ್ಕೇ ಅವರ ತಕರಾರನ್ನು (ಕೇಸಿಗೆ ಪ್ರತಿವಾದಿ ಕೊಡುವ ಲಿಖಿತ ಉತ್ತರ) ಪ್ಯಾರಾ ಪ್ಯಾರಾ ಓದಿ, ಒಪ್ಪಿದ್ದು ಯಾವುದು, ನಿರಾಕರಿಸಿದ್ದು ಯಾವುದು ಎಂದು ಗುರುತು ಹಾಕಿಕೊಳ್ಳಿ. ದಾಖಲೆಗಳನ್ನು ಒಪ್ಪುತ್ತೀರಾ ಎಂದು ಕೇಳಿ ನೋಟಿಸ್ ಕೊಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 12ರಲ್ಲಿ ದಾರಿ ಇದೆ. ಖರ್ಚಿಲ್ಲದ ಕೆಲಸ, ಆದರೂ ಮಾಡುವವರು ಕಮ್ಮಿ.

ಎವಿಡೆನ್ಸ್ ಆಕ್ಟ್ ಹೋಯ್ತಂತೆ. ನನ್ನ ಹಳೇ ಕೇಸಿಗೆ ಯಾವ ಕಾಯ್ದೆ?

1872ರ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023 ಬಂದಿದೆ. ಜಾರಿಯಾದದ್ದು 2024ರ ಜುಲೈ 1ರಂದು. ಆ ದಿನಕ್ಕೆ ಮೊದಲೇ ಬಾಕಿ ಇದ್ದ ಕೇಸುಗಳಿಗೆ ಹಳೇ ಕಾಯ್ದೆಯೇ ನಡೆಯುತ್ತದೆ. ಹೊಸ ಕಾಯ್ದೆಯ ಕಲಂ 170 ಇದನ್ನು ಹೇಳುತ್ತದೆ. ತಿರುಳು ಹೆಚ್ಚು ಬದಲಾಗಿಲ್ಲ, ಕಲಂ ನಂಬರುಗಳು ಅತ್ತಿತ್ತ ಆಗಿವೆ. ತಜ್ಞರ ಅಭಿಪ್ರಾಯದ ಹಳೇ ಕಲಂ 45 ಈಗ 39. ಸಹಿ ಹೋಲಿಕೆಯ 73 ಈಗ 72. ಎಲೆಕ್ಟ್ರಾನಿಕ್ ದಾಖಲೆಯ 65-ಬಿ ಈಗ 63. ಕೆಳಗೆ ಕೊಟ್ಟಿರುವುದು ಹೊಸ ನಂಬರುಗಳು.

ಎಷ್ಟು ಜನ ಸಾಕ್ಷಿ ಬೇಕು? ಜಾಸ್ತಿ ಇದ್ದಷ್ಟು ಒಳ್ಳೇದಲ್ವಾ?

ಇಂತಿಷ್ಟೇ ಸಾಕ್ಷಿಗಳು ಬೇಕು ಎಂದು ಕಾನೂನು ಎಲ್ಲೂ ಹೇಳಿಲ್ಲ. ಒಬ್ಬರನ್ನೇ ನಂಬಿ ತೀರ್ಪು ಕೊಡಬಹುದು. ಸಿವಿಲ್ ಕೇಸಿನಲ್ಲಿ ಸಂಶಯಕ್ಕೆ ಎಡೆಯೇ ಇಲ್ಲದಂತೆ ಸಾಬೀತು ಮಾಡಬೇಕಾಗಿಯೂ ಇಲ್ಲ. ಯಾರ ಮಾತು ಹೆಚ್ಚು ಸಂಭವನೀಯ ಎಂದು ನ್ಯಾಯಾಧೀಶರು ತೂಗಿ ನೋಡುತ್ತಾರೆ. ಒಂದೇ ಮಾತು ಹೇಳಲು ಐದು ಜನರನ್ನು ಕರೆತಂದರೆ ತಾರೀಖು, ಜಾಗ, ಯಾರು ಎಲ್ಲಿ ಕೂತಿದ್ದರು ಎನ್ನುವುದರಲ್ಲಿ ಐದು ಕಥೆ ಹುಟ್ಟುತ್ತದೆ. ಎದುರು ವಕೀಲರು ಅದಕ್ಕೇ ಕಾಯುತ್ತಿರುತ್ತಾರೆ. ವಿವಾದಾಂಶಗಳನ್ನು, ಅಂದರೆ ಕೋರ್ಟ್ ತೀರ್ಮಾನಿಸಬೇಕಾದ ಪ್ರಶ್ನೆಗಳನ್ನು, ಮುಂದಿಟ್ಟುಕೊಂಡು, ಒಂದೊಂದರ ಮುಂದೆ ಯಾರು ಹೇಳುತ್ತಾರೆ, ಯಾವ ಕಾಗದ ತೋರಿಸುತ್ತದೆ ಎಂದು ಬರೆಯಿರಿ. ಖಾಲಿ ಉಳಿದ ಜಾಗಕ್ಕೆ ಮಾತ್ರ ಹೊಸ ಸಾಕ್ಷಿ ಹುಡುಕಿ.

ಒಂದು ಕಾಗದ ಬಚ್ಚಿಟ್ಟಿದ್ದೀನಿ, ಕೊನೇಲಿ ತೆಗೆದು ಸರ್‌ಪ್ರೈಸ್ ಕೊಡೋಣ ಅಂತ. ಸರಿ ತಾನೆ?

ಸಿನಿಮಾದಲ್ಲಿ ಸರಿ. ವಾದಿ ತನ್ನ ದಾಖಲೆಗಳನ್ನು ವಾದಪತ್ರದ ಜೊತೆಗೆ, ಪ್ರತಿವಾದಿ ತಕರಾರಿನ ಜೊತೆಗೆ ಕೊಡಬೇಕು. ಆಮೇಲೆ ತಂದರೆ ಕೋರ್ಟಿನ ಅನುಮತಿ ಬೇಕು, ತಡ ಯಾಕಾಯಿತು ಎಂದೂ ಹೇಳಬೇಕು. ಎದುರಿನ ಸಾಕ್ಷಿಯನ್ನು ಪಾಟೀಸವಾಲಿನಲ್ಲಿ (ಒಂದು ಕಡೆಯ ಸಾಕ್ಷಿಯನ್ನು ಇನ್ನೊಂದು ಕಡೆಯ ವಕೀಲರು ಪ್ರಶ್ನಿಸುವುದು) ಮುಖಾಮುಖಿ ಮಾಡಲು ಇಟ್ಟುಕೊಂಡ ದಾಖಲೆಗೆ ವಿನಾಯಿತಿ ಇದೆ. ಎದುರು ಪಕ್ಷಗಾರರೇ ಕಟ್ಟೆಯಲ್ಲಿದ್ದರೂ ಹೀಗೆ ತೋರಿಸಬಹುದು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಅಪಾಯ ಇರುವುದು ಇನ್ನೊಂದು ಕಡೆ. ಅವರು "ಇದು ನನಗೆ ಗೊತ್ತಿಲ್ಲ" ಅಂದುಬಿಟ್ಟರೆ ಕಾಗದ ರುಜುವಾತಾಗದೆ ಹಾಗೇ ಉಳಿಯುತ್ತದೆ. ನಿಮ್ಮ ಕೇಸು ಆ ಕಾಗದದ ಮೇಲೇ ನಿಂತಿದ್ದರೆ ಈ ಆಟ ಬೇಡ.

## ಕಾಗದಪತ್ರ

ಒರಿಜಿನಲ್ ಕಳೆದುಹೋಗಿದೆ, ಜೆರಾಕ್ಸ್ ಇದೆ. ನಡೆಯುತ್ತಾ?

ನಡೆಯಬಹುದು, ನೇರವಾಗಿ ಅಲ್ಲ. ಮೊದಲು ಮೂಲ ಯಾಕಿಲ್ಲ ಎಂದು ತೋರಿಸಬೇಕು: ಕಳೆದಿದೆ, ನಾಶವಾಗಿದೆ, ಅಥವಾ ಎದುರಿನವರ ಕೈಯಲ್ಲಿದೆ. ಅವರ ಕೈಯಲ್ಲಿದ್ದರೆ ಸಾಮಾನ್ಯವಾಗಿ ಹಾಜರುಪಡಿಸಿ ಎಂದು ಮೊದಲು ನೋಟಿಸ್ ಕೊಡಬೇಕು. ಆಮೇಲೆ ಈ ಜೆರಾಕ್ಸ್ ಮೂಲದಿಂದಲೇ ತೆಗೆದದ್ದು ಎಂದು ಗೊತ್ತಿರುವವರು ಹೇಳಬೇಕು. "ಕಳೆದುಹೋಗಿದೆ" ಎಂಬ ಒಂದು ಪದ ಸಾಲದು. ಎಲ್ಲಿತ್ತು, ಕೊನೆಗೆ ನೋಡಿದ್ದು ಯಾವಾಗ, ಎಲ್ಲೆಲ್ಲಿ ಹುಡುಕಿದಿರಿ ಎಂದು ಅಫಿಡವಿಟ್‌ನಲ್ಲಿ ಬರಲಿ.

ಪಹಣಿ ನಮ್ಮಪ್ಪನ ಹೆಸರಲ್ಲೇ ಇದೆ. ಅಷ್ಟು ಸಾಲದಾ?

ಕರ್ನಾಟಕ ಭೂಕಂದಾಯ ಕಾಯ್ದೆ, 1964ರ ಕಲಂ 133ರಂತೆ ಪಹಣಿ ನಮೂದು ನಿಜವೆಂದು ಕೋರ್ಟ್ ಮೊದಲಿಗೆ ಭಾವಿಸುತ್ತದೆ. ಎದುರಿನವರು ಸುಳ್ಳೆಂದು ತೋರಿಸಿದರೆ ಆ ಭಾವನೆ ಬಿದ್ದುಹೋಗುತ್ತದೆ. ಸ್ವಾಧೀನ ತೋರಿಸಲು ಪಹಣಿ ಒಳ್ಳೆಯದು. ಮಾಲೀಕತ್ವಕ್ಕೆ ಕ್ರಯಪತ್ರ, ಪಾಲುಪಟ್ಟಿ, ಮಂಜೂರಾತಿ ಆದೇಶದಂಥ ಮೂಲ ಬೇಕು. ಮ್ಯುಟೇಷನ್ (ಕಂದಾಯ ದಾಖಲೆಯಲ್ಲಿ ಹೆಸರು ಬದಲಾವಣೆ) ಆಗಿದೆ ಎಂದ ಮಾತ್ರಕ್ಕೆ ಹಕ್ಕು ಹುಟ್ಟುವುದಿಲ್ಲ.

ಪಾಲುಪಟ್ಟಿ ಬಿಳಿ ಹಾಳೇಲಿ ಬರೆದಿದ್ದು, ರಿಜಿಸ್ಟರ್ ಆಗಿಲ್ಲ. ಬಿಸಾಕಬೇಕಾ?

ಬಿಸಾಕಬೇಡಿ. ಇಲ್ಲಿ ಎರಡು ಬೇರೆ ಬೇರೆ ತೊಡಕುಗಳಿವೆ, ಜನ ಎರಡನ್ನೂ ಕಲಸಿಬಿಡುತ್ತಾರೆ.

ಮೊದಲನೆಯದು ನೋಂದಣಿ. ಆ ಹಾಳೆಯಿಂದಲೇ ಪಾಲು ಆಗಿದ್ದರೆ ಅದು ನೋಂದಣಿಯಾಗಬೇಕಿತ್ತು. ಮೊದಲೇ ಬಾಯಿಮಾತಿನಲ್ಲಿ ಪಾಲಾಗಿ, ಆಮೇಲೆ ನೆನಪಿಗೆ ಬರೆದಿಟ್ಟ ಪಟ್ಟಿಯಾದರೆ ನೋಂದಣಿ ಬೇಕಿಲ್ಲ. ಹಾಗಾಗಿ ಒಳಗಿನ ಒಕ್ಕಣೆ ನೋಡಬೇಕು: "ಈ ದಿನ ಪಾಲು ಮಾಡಿಕೊಂಡಿದ್ದೇವೆ" ಎಂದಿದೆಯೋ, "ಹಿಂದೆ ಮಾಡಿಕೊಂಡ ಪಾಲಿನಂತೆ" ಎಂದಿದೆಯೋ. ನೋಂದಣಿಯಾಗದ ಪತ್ರವನ್ನೂ ಸ್ವಾಧೀನದ ಸ್ವರೂಪದಂಥ ಪೂರಕ ಉದ್ದೇಶಕ್ಕೆ ನೋಡಬಹುದು.

ಎರಡನೆಯದು ಮುದ್ರಾಂಕ. ಇದರಲ್ಲಿ ಸಡಿಲ ಇಲ್ಲ. ಸರಿಯಾದ ಛಾಪಾ ಶುಲ್ಕ ಕಟ್ಟದ ಪತ್ರವನ್ನು ಪೂರಕ ಉದ್ದೇಶಕ್ಕೂ ನೋಡುವಂತಿಲ್ಲ. ಕರ್ನಾಟಕ ಮುದ್ರಾಂಕ ಕಾಯ್ದೆ, 1957ರ ಕಲಂ 33ರಂತೆ ಕೋರ್ಟ್ ಅದನ್ನು ಜಪ್ತಿ ಮಾಡುತ್ತದೆ. ಕಲಂ 34ರಂತೆ ಕೊರತೆ ಶುಲ್ಕ ಮತ್ತು ಅದರ ಹತ್ತು ಪಟ್ಟು ದಂಡ ಕಟ್ಟಿದ ಮೇಲೆ ಸಾಕ್ಷ್ಯಕ್ಕೆ ಬರುತ್ತದೆ. ಕೇಸು ಹಾಕುವ ಮೊದಲೇ ಈ ಲೆಕ್ಕ ಮಾಡಿ. ಆಸ್ತಿ ದೊಡ್ಡದಾದರೆ ದಂಡದ ಮೊತ್ತ ನೋಡಿಯೇ ಕೇಸಿನ ದಾರಿ ಬದಲಿಸಬೇಕಾಗಬಹುದು.

ವಾಟ್ಸಾಪ್ ಚಾಟ್ ಸ್ಕ್ರೀನ್‌ಶಾಟ್ ತೆಗೆದು ಪ್ರಿಂಟ್ ಹಾಕಿಸಿದ್ದೀನಿ. ಸಾಕಾ?

ಪ್ರಿಂಟ್ ಎಂದರೆ ನಕಲು. ಅದಕ್ಕೆ ಕಲಂ 63ರ ಪ್ರಮಾಣಪತ್ರ ಬೇಕು. ಹೊಸ ಕಾಯ್ದೆಯಲ್ಲಿ ಇದಕ್ಕೊಂದು ನಮೂನೆಯೇ ಇದೆ. ಭಾಗ ಎ ಪಕ್ಷಗಾರರದ್ದು, ಭಾಗ ಬಿ ತಜ್ಞರದ್ದು. ಎರಡರಲ್ಲೂ ಫೈಲಿನ ಹ್ಯಾಶ್ ಮೌಲ್ಯ ಮತ್ತು ಅದನ್ನು ಯಾವ ವಿಧಾನದಲ್ಲಿ ತೆಗೆದಿದ್ದು ಎಂದು ಬರೆಯಬೇಕು. ಹ್ಯಾಶ್ ಎಂದರೆ ಫೈಲಿನ ಬೆರಳಚ್ಚು ಇದ್ದಂತೆ. ಒಂದು ಅಕ್ಷರ ಬದಲಾದರೂ ಅದು ಪೂರ್ತಿ ಬೇರೆಯಾಗುತ್ತದೆ.

ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ಪ್ರಕರಣದಲ್ಲಿ (2020) ಸುಪ್ರೀಂ ಕೋರ್ಟ್ ನಕಲಿಗೆ ಪ್ರಮಾಣಪತ್ರ ಕಡ್ಡಾಯ ಎಂದಿತು. ಮೂಲ ಸಾಧನವನ್ನೇ ಅದರ ಒಡೆಯರು ಕಟ್ಟೆಗೆ ತಂದು ತೋರಿಸಿದರೆ ಬೇಡ ಎಂದೂ ಹೇಳಿತು. ಅದು ಹಳೇ 65-ಬಿ ಮೇಲಿನ ತೀರ್ಪು. ಸಾಧನ ಬೇರೆಯವರ ಹತ್ತಿರ ಇದ್ದು ಅವರು ಪ್ರಮಾಣಪತ್ರ ಕೊಡಲು ಒಪ್ಪದಿದ್ದರೆ, ಕೊಡಿಸಿ ಎಂದು ಕೋರ್ಟಿಗೆ ಅರ್ಜಿ ಹಾಕಬೇಕು.

ಕೈಯಲ್ಲಿರುವ ಕೆಲಸ ಇಷ್ಟು: ಆ ಫೋನ್ ಮಾರಬೇಡಿ, ರೀಸೆಟ್ ಮಾಡಬೇಡಿ. ಇಡೀ ಚಾಟ್ ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ. ಬೇಕಾದ ನಾಲ್ಕು ಸಾಲು ಮಾತ್ರ ತಂದರೆ ಉಳಿದದ್ದೆಲ್ಲಿ ಎಂಬ ಪ್ರಶ್ನೆ ಬಂದೇ ಬರುತ್ತದೆ. ಆ ನಂಬರ್ ಎದುರಿನವರದ್ದೇ ಎಂದು ತೋರಿಸುವ ಬೇರೊಂದು ಕಾಗದವನ್ನೂ ಹುಡುಕಿಡಿ. ಅವರೇ ನೋಟಿಸಿನಲ್ಲಿ ಬರೆದ ನಂಬರ್ ಆದರೆ ಎಲ್ಲಕ್ಕಿಂತ ಒಳ್ಳೆಯದು.

## ಕಟ್ಟೆ ಹತ್ತುವಾಗ

ಚೀಫ್ ಅಫಿಡವಿಟ್ ವಕೀಲರೇ ಬರೆದುಕೊಡ್ತಾರಲ್ಲ, ನಾನು ಓದ್ಲೇಬೇಕಾ?

ಓದಲೇಬೇಕು. ನಿಮ್ಮ ಮುಖ್ಯ ವಿಚಾರಣೆ, ಅಂದರೆ ನಿಮ್ಮ ಕಡೆಯಿಂದ ನೀವು ಹೇಳುವ ಸಾಕ್ಷ್ಯ, ಅದೇ. ವಾದಪತ್ರದ ಪ್ಯಾರಾಗಳನ್ನು ಹಾಗೇ ಅಂಟಿಸಿದ ಅಫಿಡವಿಟ್‌ಗಳೇ ಜಾಸ್ತಿ. ಕಣ್ಣಾರೆ ಕಂಡದ್ದು ಯಾವುದು, ಕೇಳಿ ತಿಳಿದದ್ದು ಯಾವುದು ಎಂಬ ಗೆರೆಯೇ ಅಲ್ಲಿ ಇರುವುದಿಲ್ಲ. ಪಾಟೀಸವಾಲಿನ ಮೊದಲ ಪ್ರಶ್ನೆ ಬಹಳ ಸಲ "ಅಫಿಡವಿಟ್‌ನಲ್ಲಿ ಏನು ಬರೆದಿದೆ ಗೊತ್ತಾ?" ಎಂದೇ. ಇಂಗ್ಲಿಷ್ ಬಾರದಿದ್ದರೆ ಕನ್ನಡದಲ್ಲೇ ಕೊಡಿ ಎಂದು ಕೇಳಿ.

ಪಾಟೀಸವಾಲಿನಲ್ಲಿ ಹೇಗೆ ಉತ್ತರ ಕೊಡ್ಬೇಕು? ತುಂಬಾ ಭಯ.

ಕೇಳಿದ್ದಕ್ಕಷ್ಟೇ ಉತ್ತರಿಸಿ. ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ", ಮರೆತಿದ್ದರೆ "ನೆನಪಿಲ್ಲ". ಎರಡೂ ಒಂದೇ ಅಲ್ಲ. ಕಾಗದ ತೋರಿಸಿ ಪ್ರಶ್ನೆ ಕೇಳಿದರೆ ಮೊದಲು ಕಾಗದ ಓದಲು ಸಮಯ ಕೇಳಿ.

ನಮ್ಮ ಕೋರ್ಟುಗಳಲ್ಲಿ ಹೇಳಿಕೆ ಬರೆಯುವ ರೀತಿ ಗೊತ್ತಿರಲಿ. ವಕೀಲರು "ಆ ದಿನ ನೀವು ಊರಲ್ಲೇ ಇರಲಿಲ್ಲ, ಸುಳ್ಳು ಹೇಳ್ತಿದ್ದೀರಿ" ಎನ್ನುತ್ತಾರೆ, ನೀವು "ಇಲ್ಲ" ಎನ್ನುತ್ತೀರಿ. ದಾಖಲೆಗೆ ಹೋಗುವುದು "ನಾನು ಆ ದಿನ ಊರಿನಲ್ಲಿ ಇರಲಿಲ್ಲ ಎಂದರೆ ಸುಳ್ಳು" ಎಂದು. ಪ್ರಶ್ನೆಯಲ್ಲೇ ಒಂದು "ಇಲ್ಲ" ಇದ್ದಾಗ ನಿಮ್ಮ "ಹೌದು" ಯಾವುದಕ್ಕೆ "ಹೌದು" ಎಂದು ಗೊಂದಲವಾಗುತ್ತದೆ. ಅಂಥ ಕಡೆ ಪೂರ್ತಿ ವಾಕ್ಯದಲ್ಲಿ ಹೇಳಿ: "ಆ ದಿನ ನಾನು ಊರಲ್ಲೇ ಇದ್ದೆ." ಸಹಿ ಹಾಕುವ ಮೊದಲು ಓದಿ. ತಪ್ಪು ಕಂಡರೆ ಅಲ್ಲೇ, ನ್ಯಾಯಾಧೀಶರು ಕೂತಿರುವಾಗಲೇ ಹೇಳಿ.

ನನ್ನ ಬದಲು ಜಿಪಿಎ ಹೋಲ್ಡರ್ ಹೋಗಿ ಸಾಕ್ಷಿ ಹೇಳಬಹುದಾ?

ಜಿಪಿಎ ಹೋಲ್ಡರ್, ಅಂದರೆ ನಿಮ್ಮ ಪರ ಕೆಲಸ ಮಾಡಲು ನೀವು ಅಧಿಕಾರಪತ್ರ ಕೊಟ್ಟವರು, ತಾವೇ ಮಾಡಿದ ಕೆಲಸದ ಬಗ್ಗೆ ಹೇಳಬಹುದು. ನಿಮಗೆ ಮಾತ್ರ ಗೊತ್ತಿರುವುದನ್ನು ನಿಮ್ಮ ಪರವಾಗಿ ಹೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2005ರ ಜಾನಕಿ ಭೋಜ್‌ವಾನಿ ಪ್ರಕರಣದಲ್ಲಿ ಸ್ಪಷ್ಟ ಮಾಡಿದೆ. ಪಕ್ಷಗಾರರೇ ಕಟ್ಟೆ ಹತ್ತದಿದ್ದರೆ ಕೋರ್ಟ್ ಅದನ್ನು ಅವರ ವಿರುದ್ಧ ಎಣಿಸಬಹುದು. ವಯಸ್ಸಾಗಿದೆ, ಕಾಯಿಲೆ ಇದೆ ಎಂದರೆ ಕೋರ್ಟ್ ನೇಮಿಸಿದ ಕಮಿಷನರ್ ಮನೆಗೇ ಬಂದು ಹೇಳಿಕೆ ಪಡೆಯಲು ಅರ್ಜಿ ಹಾಕಿ.

## ತಜ್ಞರ ವಿಷಯ

ಸಹಿ ನನ್ನದಲ್ಲ ಅಂದಿದ್ದೀನಿ. ತಜ್ಞರಿಗೆ ಕಳಿಸಿ ಅಂತ ಅರ್ಜಿ ಯಾರು ಹಾಕ್ಬೇಕು?

ಸಾಮಾನ್ಯವಾಗಿ ಆ ಕಾಗದ ನೆಚ್ಚಿಕೊಂಡವರ ಮೇಲೇ ರುಜುವಾತಿನ ಭಾರ. ತಿರುವೆಂಗಡಂ ಪಿಳ್ಳೈ ಪ್ರಕರಣದಲ್ಲಿ (2008) ಇದೇ ಆಯಿತು. ಪ್ರತಿವಾದಿ ಕರಾರನ್ನೇ ಅಲ್ಲಗಳೆದಾಗ ಅದನ್ನು ಸಾಬೀತು ಮಾಡುವ ಹೊಣೆ ವಾದಿಯದ್ದು ಎಂದಿತು ಸುಪ್ರೀಂ ಕೋರ್ಟ್. ಕಾಗದದ ಮೇಲಿನ ಹೆಬ್ಬೆಟ್ಟು ಮಸುಕಾಗಿದ್ದಾಗ ಕೋರ್ಟ್ ತಾನೇ ಸುಮ್ನೆ ನೋಡಿ ಹೋಲಿಸುವುದು ಸರಿಯಲ್ಲ ಎಂದೂ ಹೇಳಿತು.

ಅರ್ಜಿಗಿಂತ ಮುಖ್ಯವಾದದ್ದು ಹೋಲಿಕೆಗೆ ಕೊಡುವ ಸಹಿ. ವಕಾಲತ್ತಿನ (ವಕೀಲರನ್ನು ನೇಮಿಸುವ ಪತ್ರ) ಮೇಲಿನ ಸಹಿ ಜಗಳ ಶುರುವಾದ ಮೇಲಿನದು, ಬೇಕೆಂದೇ ಬದಲಿಸಿ ಹಾಕಿರಬಹುದು. ವಿವಾದದ ಕಾಗದದ ಆಸುಪಾಸಿನ ವರ್ಷಗಳ ಸಹಿ ಬೇಕು: ಬ್ಯಾಂಕಿನ ಮಾದರಿ ಸಹಿ ಕಾರ್ಡು, ಹಳೇ ಚೆಕ್ಕು, ಬೇರೊಂದು ನೋಂದಾಯಿತ ಪತ್ರ. ಇವನ್ನು ಸಮನ್ಸ್ ಮೂಲಕ ತರಿಸಿ, ಒಪ್ಪಿತ ಸಹಿ ಎಂದು ಮೊದಲು ದಾಖಲಾಗುವಂತೆ ಮಾಡಿ, ಆಮೇಲೆ ತಜ್ಞರಿಗೆ ಕಳಿಸಲು ಕೇಳಿ. ವಾದ ಮಂಡನೆಯ ಹಂತದಲ್ಲಿ ಬರುವ ಅರ್ಜಿಯನ್ನು ಕಾಲ ತಳ್ಳುವ ಉಪಾಯ ಎಂದೇ ನೋಡುತ್ತಾರೆ.

ನಾವೇ ದುಡ್ಡು ಕೊಟ್ಟು ಎಕ್ಸ್‌ಪರ್ಟ್ ರಿಪೋರ್ಟ್ ತಂದರೆ ಸಾಲದಾ?

ತರಬಹುದು. ಆದರೆ ಆ ವರದಿ ತಾನೇ ಸಾಕ್ಷ್ಯವಲ್ಲ. ಬರೆದವರು ಕಟ್ಟೆ ಹತ್ತಿ ಪಾಟೀಸವಾಲು ಎದುರಿಸಬೇಕು. ಇನ್ನೊಂದು ದಾರಿ ಆದೇಶ 26ರ ನಿಯಮ 10-ಎ. ಇದರಲ್ಲಿ ಕೋರ್ಟೇ ತಜ್ಞರನ್ನು ಕಮಿಷನರ್ ಆಗಿ ನೇಮಿಸುತ್ತದೆ. ಆಗ ವರದಿ ಕೇಸಿನ ದಾಖಲೆಯ ಭಾಗವಾಗಿ ಸಾಕ್ಷ್ಯವೇ ಆಗುತ್ತದೆ. ಬೇಕಾದವರು ಕಮಿಷನರನ್ನು ಕರೆಸಿ ಪ್ರಶ್ನಿಸಬಹುದು. ನನ್ನನ್ನು ಕೇಳಿದರೆ ಎರಡನೆಯದೇ ವಾಸಿ. ಫೀ ಕೊಟ್ಟವರ ಪರ ಹೇಳಿದರು ಎಂಬ ಮಾತು ಅಷ್ಟಾಗಿ ಅಂಟುವುದಿಲ್ಲ. ಖಾಸಗಿ ತಜ್ಞರಿಂದ ಆಗುವ ದೊಡ್ಡ ಲಾಭ ಬೇರೆ: ನಿಮ್ಮ ಕೇಸು ನಿಲ್ಲುತ್ತದೋ ಇಲ್ಲವೋ ಎಂದು ಮೊದಲೇ ನಿಮ್ಮ ಕಿವಿಗೆ ಹೇಳುತ್ತಾರೆ.

ತಜ್ಞರು ಹೇಳಿದ್ದನ್ನ ಜಡ್ಜ್ ಒಪ್ಲೇಬೇಕಾ?

ಇಲ್ಲ. ತಜ್ಞರು ಕೊಡುವುದು ಅಭಿಪ್ರಾಯ, ತೀರ್ಪು ಕೊಡುವುದು ನ್ಯಾಯಾಧೀಶರ ಕೆಲಸ. ಅಭಿಪ್ರಾಯದ ತೂಕ ಅದರ ಹಿಂದಿನ ಕಾರಣಗಳಲ್ಲಿದೆ. ಯಾವ ಮಾಹಿತಿ ನೋಡಿದರು, ಯಾವ ವಿಧಾನ ಬಳಸಿದರು, ಈ ತೀರ್ಮಾನಕ್ಕೆ ಹೇಗೆ ಬಂದರು ಎಂದು ಬರೆದಿರಬೇಕು, ಬೇರೆಯವರು ಓದಿ ಪರೀಕ್ಷಿಸುವಂತಿರಬೇಕು. ಹಿಮಾಚಲ ಪ್ರದೇಶ ಸರ್ಕಾರ ವಿರುದ್ಧ ಜೈ ಲಾಲ್ (1999) ಪ್ರಕರಣದಿಂದ ಈಚೆಗೆ ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಮತ್ತೆ ಹೇಳಿದೆ. ಹೆಸರಿನ ಮುಂದೆ ಎಷ್ಟು ಡಿಗ್ರಿ ಇದ್ದರೂ, ಕಾರಣ ಕೊಡದ ಒಂದೂವರೆ ಪುಟದ ವರದಿ ನಿಲ್ಲುವುದಿಲ್ಲ.

ತಜ್ಞರ ಗಡಿ ಎಲ್ಲಿ ಮುಗಿಯುತ್ತದೆ ಎಂಬುದಕ್ಕೆ ಅಪಘಾತ ಪರಿಹಾರದ ಕೇಸು ನೋಡಿ. ಕಾಲಿಗೆ ಇಷ್ಟು ಶೇಕಡಾ ಊನ ಎಂದು ವೈದ್ಯರು ಹೇಳಬಹುದು. ಅದರಿಂದ ದುಡಿಮೆ ಎಷ್ಟು ಕಮ್ಮಿಯಾಯಿತು ಎಂದು ತೀರ್ಮಾನಿಸುವುದು ನ್ಯಾಯಮಂಡಳಿ. ಗುಮಾಸ್ತರಿಗೂ ಲಾರಿ ಡ್ರೈವರಿಗೂ ಅದೇ ಊನ ಬೇರೆ ಬೇರೆ ನಷ್ಟ ತರುತ್ತದೆ.

ಸರ್ವೆಯರ್ ಕಮಿಷನರ್ ರಿಪೋರ್ಟ್ ನಮ್ಮ ವಿರುದ್ಧ ಬಂದಿದೆ. ಕೇಸು ಮುಗೀತಾ?

ಮುಗಿದಿಲ್ಲ. ಆಕ್ಷೇಪಣೆ ಹಾಕಿ, ಸರ್ವೆಯರನ್ನು ಕರೆಸಿ. ಅಳತೆ ದಿನ ಎರಡೂ ಕಡೆಗೆ ನೋಟಿಸ್ ಹೋಗಿತ್ತೇ? ಯಾವ ಗುರುತಿನ ಕಲ್ಲಿನಿಂದ ಅಳತೆ ಶುರು ಮಾಡಿದರು? ಮೂಲ ಟಿಪ್ಪಣಿ, ಆಕಾರಬಂದ್‌ನಂಥ ಸರ್ವೆ ದಾಖಲೆಗಳನ್ನು ನೋಡಿದರೇ, ಅಥವಾ ಗ್ರಾಮನಕ್ಷೆ ಮಾತ್ರವೇ? ಪಕ್ಕದ ಸರ್ವೆ ನಂಬರ್ ಅಳೆಯದೆ ಒತ್ತುವರಿ ಇಷ್ಟು ಗುಂಟೆ ಎಂದು ಬರೆದಿದ್ದರೆ ವರದಿ ಅಲ್ಲೇ ಸಡಿಲ. ಯಾರ ಸ್ವಾಧೀನದಲ್ಲಿದೆ ಎಂದು ಊರವರನ್ನು ಕೇಳಿ ಬರೆದಿದ್ದರೆ ಅದು ಅವರ ಕೆಲಸವೇ ಅಲ್ಲ. ದೋಷ ಗಂಭೀರವಾದರೆ ಮತ್ತೆ ಅಳತೆಗೆ ಕೋರ್ಟ್ ಆದೇಶಿಸಬಹುದು. ಇದೆಲ್ಲಕ್ಕಿಂತ ಸುಲಭದ್ದು, ನೇಮಕವಾದಾಗಲೇ ಏನೇನು ಅಳೆಯಬೇಕು ಎಂದು ಸ್ಪಷ್ಟ ಮೆಮೊ ಕೊಡುವುದು.

ಶಾಯಿ ಪರೀಕ್ಷೆ ಮಾಡಿಸಿದ್ರೆ ಯಾವಾಗ ಬರೆದಿದ್ದು ಅಂತ ಗೊತ್ತಾಗಲ್ವಾ?

ಇದರ ಮೇಲೆ ಜಾಸ್ತಿ ಆಸೆ ಇಡಬೇಡಿ. ಒಂದೇ ಪೆನ್ನೋ ಎರಡೋ ಎಂದು ಹೇಳುವುದು ಒಂದು, ಯಾವ ವರ್ಷ ಬರೆದದ್ದು ಎಂದು ಹೇಳುವುದು ಇನ್ನೊಂದು. ಎರಡನೆಯದಕ್ಕೆ ಕೋರ್ಟುಗಳು ಸುಲಭವಾಗಿ ಒಪ್ಪುವುದಿಲ್ಲ.

## ವಕೀಲರಿಗೆ

ಕೈಬರಹ ತಜ್ಞರ ಪಾಟೀಸವಾಲು ಎಲ್ಲಿಂದ ಶುರು ಮಾಡ್ಲಿ?

ಅವರ ವಿದ್ಯೆಯ ಜೊತೆ ಕುಸ್ತಿ ಬೇಡ, ಅಲ್ಲಿ ಅವರೇ ಗೆಲ್ಲುತ್ತಾರೆ. ಅವರ ಮೇಜಿನ ಮೇಲೆ ಏನಿತ್ತು ಎನ್ನುವುದರಿಂದ ಶುರು ಮಾಡಿ. ಸುಮಾರು ಹೀಗೆ ಹೋಗುತ್ತದೆ:

"ನಿಮಗೆ ಕೊಟ್ಟದ್ದು ಮೂಲವೋ ಜೆರಾಕ್ಸೋ?" "ಜೆರಾಕ್ಸ್."
"ಜೆರಾಕ್ಸಿನಲ್ಲಿ ಪೆನ್ನಿನ ಒತ್ತಡ ಕಾಣುತ್ತದೆಯೇ?" "ಕಾಣುವುದಿಲ್ಲ."
"ಒಪ್ಪಿತ ಸಹಿ ಎಷ್ಟು?" "ಎರಡು."
"ಒಬ್ಬರ ಸಹಿಯಲ್ಲಿ ಸಹಜ ವ್ಯತ್ಯಾಸ ಇರುತ್ತದೆ, ಅಲ್ಲವೇ?" "ಹೌದು."
"ಆ ವ್ಯತ್ಯಾಸದ ಹರವು ತಿಳಿಯಲು ಎರಡು ಸಹಿ ಸಾಕೇ?"

ಇಲ್ಲಿ ಅವರು ಏನು ಹೇಳಿದರೂ ನಿಮಗೆ ವಾದಕ್ಕೆ ವಸ್ತು ಸಿಕ್ಕಿತು. ಮುಂದೆ ಹೋಗಿ "ಹಾಗಾದರೆ ನಿಮ್ಮ ವರದಿ ತಪ್ಪಲ್ಲವೇ?" ಎಂದು ಕೇಳಬೇಡಿ. ಕೇಳಿದರೆ ಅರ್ಧ ಗಂಟೆ ವಿವರಣೆ ಬರುತ್ತದೆ, ಬಿದ್ದ ತೂತನ್ನು ಅವರೇ ಮುಚ್ಚಿಬಿಡುತ್ತಾರೆ. ವರದಿಯಲ್ಲಿ ಹೋಲಿಕೆಗಳನ್ನು ಮಾತ್ರ ಪಟ್ಟಿ ಮಾಡಿ ಭೇದಗಳ ಬಗ್ಗೆ ಮೌನವಾಗಿದ್ದರೆ ಅದನ್ನೂ ದಾಖಲಿಸಿ.

ನಮ್ಮ ಕಡೆ ತಜ್ಞರನ್ನು ಹೇಗೆ ತಯಾರು ಮಾಡೋದು?

ಉತ್ತರ ಹೇಳಿಕೊಡಬೇಡಿ. ನಿಮಗೆ ತೊಡಕಾಗುವ ಕಾಗದವನ್ನೂ ಮೊದಲೇ ಕೊಡಿ. ಅದನ್ನು ಕಟ್ಟೆಯ ಮೇಲೆ ಮೊದಲ ಸಲ ನೋಡಿದ ತಜ್ಞರಷ್ಟು ಅಸಹಾಯಕರು ಯಾರೂ ಇಲ್ಲ. ನೀವು ಬರೆದ ಸೂಚನಾ ಪತ್ರ ನಾಳೆ ನ್ಯಾಯಾಧೀಶರ ಕೈಗೂ ಹೋಗಬಹುದು ಎಂದುಕೊಂಡೇ ಬರೆಯಿರಿ. ಪಾರಿಭಾಷಿಕ ಪದ ಬಂದ ಕಡೆಯೆಲ್ಲ "ಇದನ್ನು ನನಗೆ ಅರ್ಥವಾಗುವ ಹಾಗೆ ಹೇಳಿ" ಎಂದು ಕೇಳಿ. ನಿಮಗೆ ತಿಳಿಯದ್ದು ಕೋರ್ಟಿಗೂ ತಿಳಿಯುವುದಿಲ್ಲ.

ಎದುರಿನವರ ಕಾಗದಕ್ಕೆ ಯಾವ ಹಂತದಲ್ಲಿ ಆಕ್ಷೇಪಿಸ್ಬೇಕು?

ಕಾಗದಕ್ಕೆ ನಿಶಾನೆ ಗುರುತು ಮಾಡುವ ಕ್ಷಣದಲ್ಲೇ. ರುಜುವಾತಿನ ವಿಧಾನ ಸರಿಯಿಲ್ಲ, ಅಂದರೆ ಮೂಲದ ಬದಲು ಜೆರಾಕ್ಸ್, ಎಂಬ ಆಕ್ಷೇಪವನ್ನು ಆಗ ಎತ್ತದಿದ್ದರೆ ಬಿಟ್ಟುಕೊಟ್ಟಂತೆ. ಆರ್.ವಿ.ಇ. ವೆಂಕಟಾಚಲ ಗೌಂಡರ್ ಪ್ರಕರಣ (2003) ಇದಕ್ಕೆ ಆಧಾರ. ಕಾನೂನಿನಲ್ಲಿ ಸ್ವೀಕರಿಸಲೇ ಬಾರದ ಕಾಗದವಾದರೆ ಆಮೇಲೂ ಹೇಳಬಹುದು. ಬಿಪಿನ್ ಪಾಂಚಾಲ್ ಪ್ರಕರಣದ (2001) ಪ್ರಕಾರ ಸಾಮಾನ್ಯ ಆಕ್ಷೇಪಗಳನ್ನು ಬರೆದುಕೊಂಡು ತಾತ್ಕಾಲಿಕವಾಗಿ ಗುರುತು ಮಾಡಿ, ಕೊನೆಗೆ ತೀರ್ಮಾನಿಸಬಹುದು. ಮುದ್ರಾಂಕದ ಆಕ್ಷೇಪ ಮಾತ್ರ ಹಾಗಲ್ಲ, ಅಲ್ಲೇ ತೀರ್ಮಾನವಾಗಬೇಕು. ಒಮ್ಮೆ ಒಳಗೆ ಹೋದ ಮೇಲೆ ಅದೇ ಕೇಸಿನಲ್ಲಿ ಶುಲ್ಕ ಸಾಲದು ಎಂದು ಎತ್ತಲು ಮುದ್ರಾಂಕ ಕಾಯ್ದೆಯ ಕಲಂ 35 ಬಿಡುವುದಿಲ್ಲ.

ವಿಲ್‌ಗೆ ಸಹಿ ಹಾಕಿದ ಇಬ್ಬರು ಸಾಕ್ಷಿಗಳಲ್ಲಿ ಒಬ್ಬರು ತೀರಿಕೊಂಡ್ರು, ಇನ್ನೊಬ್ಬರು ತಿರುಗಿಬಿದ್ರು. ಏನು ದಾರಿ?

ಬದುಕಿರುವ, ಬರಲು ಆಗುವ ಸಾಕ್ಷಿ ಒಬ್ಬರನ್ನಾದರೂ ಕರೆಯಲೇಬೇಕು (ಕಲಂ 67). ತಿರುಗಿಬಿದ್ದರೂ ಕರೆಯಿರಿ. ಅವರು ನಿರಾಕರಿಸಿದರೆ ಅಥವಾ ನೆನಪಿಲ್ಲ ಎಂದರೆ ಕಲಂ 70ರಂತೆ ಬೇರೆ ಸಾಕ್ಷ್ಯ ತರಬಹುದು: ಪತ್ರ ಬರೆದುಕೊಟ್ಟ ಬಿಕ್ಕಲಂದಾರರು, ಅಲ್ಲಿದ್ದ ಇತರರು. ಕರೆಯದೆ ನೇರ ಈ ದಾರಿಗೆ ಬರುವಂತಿಲ್ಲ. ಇಬ್ಬರೂ ತೀರಿಕೊಂಡಿದ್ದರೆ ಕಲಂ 68: ಒಬ್ಬ ಸಾಕ್ಷಿಯ ಕೈಬರಹವನ್ನೂ ವಿಲ್ ಮಾಡಿದವರ ಸಹಿಯನ್ನೂ ಗುರುತಿಸಬಲ್ಲವರು ಬೇಕು. ಮೂವತ್ತು ವರ್ಷ ಹಳೆಯದು, ತಾನೇ ರುಜುವಾತಾಗುತ್ತದೆ ಎಂಬ ವಾದ ವಿಲ್‌ಗೆ ನಡೆಯದು.

ಸಹಿ ಸಾಬೀತಾದರೂ ಕೆಲಸ ಮುಗಿಯಲಿಲ್ಲ. ಮೈಸೂರು ಸೀಮೆಯಿಂದಲೇ ಹೋದ ಎಚ್. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ಬಿ.ಎನ್. ತಿಮ್ಮಾಜಮ್ಮ (1959) ಪ್ರಕರಣ ಇವತ್ತಿಗೂ ಮೂಲಪಾಠ. ಲಾಭ ಪಡೆದವರೇ ಮುಂದೆ ನಿಂತು ಬರೆಸಿದ್ದಾರೆಯೇ, ಹತ್ತಿರದವರನ್ನು ಕಾರಣವಿಲ್ಲದೆ ಬಿಟ್ಟಿದ್ದಾರೆಯೇ, ವಿಲ್ ಮಾಡಿದವರ ಮನಸ್ಸು ಸ್ವಸ್ಥವಿತ್ತೇ? ಇಂಥ ಸಂಶಯಗಳನ್ನು ವಿಲ್ ತಂದವರೇ ನಿವಾರಿಸಬೇಕು.

ಒಂದು ಪ್ರಶ್ನೆ ಕೇಳೋದು ಮರೆತುಬಿಟ್ಟೆ. ಸಾಕ್ಷಿನ ವಾಪಸ್ ಕರೆಸಬಹುದಾ?

ಆದೇಶ 18 ನಿಯಮ 17 ಇದೆ. ಆದರೆ ಅದು ಮುಖ್ಯವಾಗಿ ಕೋರ್ಟ್ ತನ್ನ ಸಂಶಯ ಬಗೆಹರಿಸಿಕೊಳ್ಳಲು ಇರುವುದು, ನಮ್ಮ ಮರೆವಿಗೆ ಮದ್ದಲ್ಲ. ಕೆ.ಕೆ. ವೇಲುಸಾಮಿ ಪ್ರಕರಣದಲ್ಲಿ (2011) ಸಾಕ್ಷ್ಯ ಮುಗಿದ ಮೇಲೆ ಸಿಕ್ಕ ಧ್ವನಿಮುದ್ರಿಕೆಯಂಥ ಹೊಸ ಸಂಗತಿಗೆ ಸುಪ್ರೀಂ ಕೋರ್ಟ್ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 151ರ ಅಡಿ ಜಾಗ ಕೊಟ್ಟಿತು. ವಾದ ಶುರುವಾಗುವ ಮುಂಚೆ, ಮೊದಲು ಯಾಕೆ ಆಗಲಿಲ್ಲ ಎಂಬ ಕಾರಣ ಕೊಟ್ಟು, ಕೇಳಬೇಕಾದ ಪ್ರಶ್ನೆಗಳನ್ನೂ ಬರೆದು ಅರ್ಜಿ ಹಾಕಿದರೆ ಸಿಗುವ ಸಾಧ್ಯತೆ ಇದೆ. ವೆಚ್ಚ ಕಟ್ಟಲು ತಯಾರಾಗಿ ಹೋಗಿ.